ಒಡಕಿನ ಮುಂದೊಂದು ತಾರೀಖು

ನನ್ನ ಅಪ್ಪಯ್ಯ ಕುಂದಾಪುರ ಸೀಮೆಯ ಹಂಚಿನ ಕಾರ್ಖಾನೆಯೊಂದರಲ್ಲಿ ಹಂಚು ವಿಂಗಡಿಸುತ್ತಿದ್ದರು. ಬೆಳಿಗ್ಗೆ ಗಂಜಿ ಉಂಡು ಬೀಜಾಡಿಯ ಮನೆಯಿಂದ ಹೊರಟರೆ ದಿನವಿಡೀ ಒಂದೇ ಕೆಲಸ. ಭಟ್ಟಿಯಿಂದ ಬಂದ ಹಂಚನ್ನು ಎಡಗೈಯಲ್ಲಿ ಎತ್ತಿ ಬಲಗೈಯ ಗೆಣ್ಣಿನಿಂದ ಬಡಿಯುವುದು. ‘ಟಣ್’ ಎಂದರೆ ಈಚೆ, ‘ಡಬ್’ ಎಂದರೆ ಆಚೆ. ಅವರ ಕಾಲ ಬುಡದಲ್ಲಿ ಎರಡು ಹಂಚು ಯಾವಾಗಲೂ ಇರುತ್ತಿದ್ದವು. ಒಂದು ಗಟ್ಟಿಯದು, ಇನ್ನೊಂದು ಕಣ್ಣಿಗೆ ಕಾಣದ ಬಿರುಕಿನದು. ಕೆಲಸಕ್ಕೆ ಕೂರುವ ಮುನ್ನ ಎರಡನ್ನೂ ಬಡಿದು ಕೇಳುತ್ತಿದ್ದರು. ಮಧ್ಯಾಹ್ನ ಉಂಡು ಬಂದ ಮೇಲೆ ಮತ್ತೊಮ್ಮೆ. ಅದೆಂತಕ್ಕೆ ಎಂದು ಕೇಳಿದ್ದೆ. “ಅದ್ ಹಂಚಿಗಲ್ಲ ಮಗಾ, ನನ್ ಕೆಮಿಗೆ” ಎಂದಿದ್ದರು.

ಮೂವತ್ತು ವರ್ಷ ನಾನು ಮಾಡಿದ್ದೂ ಹೆಚ್ಚುಕಡಿಮೆ ಅದೇ ಕೆಲಸ. ಹಂಚಿನ ಜಾಗದಲ್ಲಿ ಲೋಹದ ಕೊಳವೆ, ಗೆಣ್ಣಿನ ಜಾಗದಲ್ಲಿ ಅಲ್ಟ್ರಾಸಾನಿಕ್ ಮತ್ತು ಎಡ್ಡಿ ಕರೆಂಟ್ ಪ್ರೋಬು. ರಾಸಾಯನಿಕ ಕಾರ್ಖಾನೆಗಳಲ್ಲಿ ಶುರು ಮಾಡಿದವನು ಕೊನೆಯ ಹನ್ನೆರಡು ವರ್ಷ ಅಣು ವಿದ್ಯುತ್ ಸ್ಥಾವರಗಳ ಕೊಳವೆಗಳ ಪರೀಕ್ಷಾ ವರದಿ ಓದಿ ಅಭಿಪ್ರಾಯ ಬರೆಯುವ ಕೆಲಸದಲ್ಲಿದ್ದೆ. ನಿವೃತ್ತನಾಗಿ ಊರಿಗೆ ಬಂದ ಮೇಲೆ ಪಕ್ಕದ ಮನೆಯ ಅಕ್ಕಯ್ಯ ಒಂದು ದಿನ ಕೇಳಿದರು: “ಕೈಗಾದಂಗೆ ಪೈಪ್ ಒಡ್ರೆ ನಮ್ಗೆಂತ ಆತ್ತ್ ಮಾರಾಯಾ?” ಸಣ್ಣ ಪ್ರಶ್ನೆ, ಆದರೆ ನನಗೆ ಆ ಹೊತ್ತಿಗೆ ನೆಟ್ಟಗೆ ಉತ್ತರಿಸಲಾಗಲಿಲ್ಲ. ಈ ಬರಹ ಅವರಿಗಾಗಿ.

ಬೀಜಾಡಿಯಿಂದ ಉತ್ತರಕ್ಕೆ ನೇರ ಗೆರೆ ಎಳೆದರೆ ಸುಮಾರು 140 ಕಿ.ಮೀ. ದೂರದಲ್ಲಿ, ಕಾಳಿ ನದಿಯ ದಂಡೆಯಲ್ಲಿ ಕೈಗಾ ಇದೆ. ಅಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ರಿಯಾಕ್ಟರುಗಳಿವೆ. ಒಂದೊಂದರ ಹೊಟ್ಟೆಯಲ್ಲಿ 306 ಕೊಳವೆಗಳು ಅಡ್ಡಲಾಗಿ ಮಲಗಿವೆ. ಒಳವ್ಯಾಸ ಎಂಟೂಕಾಲು ಸೆಂಟಿಮೀಟರ್, ಗೋಡೆಯ ದಪ್ಪ ಮೂರೂವರೆ ಮಿಲಿಮೀಟರಿನ ಆಸುಪಾಸು, ಉದ್ದ ಐದು ಮೀಟರಿಗೂ ಮಿಕ್ಕಿ. ಜಿರ್ಕೋನಿಯಂಗೆ ಶೇ. 2.5ರಷ್ಟು ನಯೋಬಿಯಂ ಬೆರೆಸಿದ ಲೋಹ. ಇದಕ್ಕೆ ಪ್ರೆಶರ್ ಟ್ಯೂಬ್ ಎನ್ನುತ್ತಾರೆ. ಒಳಗೆ ಯುರೇನಿಯಂ ಕಟ್ಟುಗಳು, ಅವುಗಳ ಸಂದಿಯಲ್ಲಿ 290 ಡಿಗ್ರಿ ದಾಟುವ ಭಾರಜಲ. ಆ ಬಿಸಿಗೂ ಅದು ಕುದಿಯದೆ ನೀರಾಗಿಯೇ ಉಳಿಯಬೇಕೆಂದರೆ ಕಾರಿನ ಟೈರಿಗೆ ಹಾಕುವ ಗಾಳಿಯ ನಲವತ್ತು ಪಟ್ಟು ಒತ್ತಡ ಬೇಕು. ಈ ಬಿಸಿ ಕೊಳವೆಯ ಸುತ್ತ ಕ್ಯಾಲಾಂಡ್ರಿಯಾ ಟ್ಯೂಬ್ ಎಂಬ ಇನ್ನೊಂದು ತಣ್ಣನೆಯ ಕೊಳವೆ. ಎರಡೂ ಒಂದಕ್ಕೊಂದು ತಾಗದಂತೆ ನಡುವೆ ನಾಲ್ಕು ಸ್ಪ್ರಿಂಗ್ ಬಳೆಗಳು, ಸಂದಿಯಲ್ಲಿ ಇಂಗಾಲದ ಡೈಆಕ್ಸೈಡ್. ಇದಲ್ಲದೆ ಪ್ರತಿ ಘಟಕಕ್ಕೂ ನಾಲ್ಕು ಸ್ಟೀಮ್ ಜನರೇಟರುಗಳು, ಅವುಗಳಲ್ಲಿ ಬೆರಳು ಗಾತ್ರದ ಸಾವಿರಾರು ತೆಳು ಕೊಳವೆಗಳು.

ಇವುಗಳಲ್ಲಿ ಒಂದರ ಮೇಲೆ ಗೀರು ಸಿಕ್ಕಿತು ಅಂದುಕೊಳ್ಳಿ. ಮುಂದೇನು ಎಂದು ತೀರ್ಮಾನಿಸುವವರು ಏನು ನೋಡಬೇಕು, ಎಲ್ಲಿ ಎಡವುತ್ತಾರೆ ಎಂಬುದರ ಬಗ್ಗೆ ನಾನು ಕಲಿತದ್ದು ಇಷ್ಟು.

1. ಮೊದಲು ಒಡೆದ ಹಂಚನ್ನು ಬಡಿಯಿರಿ

ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ದೋಷ ಹುಡುಕುವ ಎಡ್ಡಿ ಕರೆಂಟ್ ಪರೀಕ್ಷೆಗೆ ಒಂದು ಮಾದರಿ ಕೊಳವೆ ಇರುತ್ತದೆ. ಅದೇ ಲೋಹ, ಅದೇ ದಪ್ಪ. ಅದರಲ್ಲಿ ಬೇಕೆಂದೇ ಕೊರೆದ ತೂತುಗಳು: ಒಂದು ಆರುಪಾರು, ಉಳಿದವು ಗೋಡೆಯ ಶೇ. 80, 60, 40, 20ರಷ್ಟು ಆಳಕ್ಕೆ. ಪ್ರೋಬನ್ನು ಅದರೊಳಗೆ ಎಳೆದಾಗ ಪರದೆಯ ಮೇಲೆ ಒಂದೊಂದು ತೂತಿಗೂ ಒಂದೊಂದು ಕೋನದಲ್ಲಿ ಎಂಟರ ಆಕಾರದ ಗೆರೆ ಮೂಡುತ್ತದೆ. ಆ ಕೋನ ನೋಡಿಯೇ ಆಳ ಹೇಳುವುದು. ಪಾಳಿ ಶುರುವಾಗುವಾಗ ಒಮ್ಮೆ, ನಡುವೆ ನಿಗದಿತ ಹೊತ್ತಿಗೊಮ್ಮೆ, ಮುಗಿಸುವಾಗ ಒಮ್ಮೆ ಈ ಮಾದರಿಯನ್ನು ಓದಿಸಲೇಬೇಕು.

ಒಂದು ರಾತ್ರಿ ಪಾಳಿಯ ಕೊನೆಗೆ ನಮ್ಮ ಪ್ರೋಬಿಗೆ ಶೇ. 20ರ ತೂತು ಕಾಣಲಿಲ್ಲ. ಹಿಂದಿನ ಸಲ ಕಂಡಿತ್ತು. ಎರಡರ ನಡುವೆ ಇನ್ನೂರಕ್ಕೂ ಮೇಲ್ಪಟ್ಟು ಕೊಳವೆ ಮುಗಿದಿದ್ದವು. ಬೆಳಿಗ್ಗೆ ಬಾಯ್ಲರ್ ಮುಚ್ಚುವ ಗಡಿಬಿಡಿ, ಸೈನ್ ಹಾಕಿ ಬಿಡಿ ಎಂಬ ಒತ್ತಾಯ. ಹೊಸ ಪ್ರೋಬು ಹಾಕಿ ಅಷ್ಟನ್ನೂ ಮತ್ತೆ ಎಳೆದೆವು. ಹೊಸ ದೋಷ ಒಂದೂ ಸಿಗಲಿಲ್ಲ. ಆದರೂ ಆ ಆರು ತಾಸು ದಂಡವಾಯಿತೆಂದು ನನಗೆ ಯಾವತ್ತೂ ಅನಿಸಿಲ್ಲ. ಮೊದಲ ಸಲದ ‘ದೋಷವಿಲ್ಲ’ ಎಂಬುದಕ್ಕೆ ಬೆಲೆಯೇ ಇರಲಿಲ್ಲ, ಎರಡನೇ ಸಲದ್ದಕ್ಕೆ ಇತ್ತು.

ಅಂದಿನಿಂದ ಯಾರ ವರದಿ ಬಂದರೂ ನಾನು ಮೊದಲು ತೆರೆಯುವುದು ಫಲಿತಾಂಶದ ಪುಟವನ್ನಲ್ಲ, ಮಾದರಿ ಕೊಳವೆಯ ರೀಡಿಂಗ್ ಇರುವ ಪುಟವನ್ನು. ಅದು ಇಲ್ಲದಿದ್ದರೆ ಮುಂದೆ ಓದುವುದಿಲ್ಲ.

2. ‘ದೋಷ ಇದೆಯೇ’ ಎಂಬುದು ಅರ್ಧ ಪ್ರಶ್ನೆ

ಗೀರೇ ಇಲ್ಲದ ಕೊಳವೆ ನಾನು ನೋಡಿಲ್ಲ. ಇಂಧನದ ಕಟ್ಟು ಒಳಗೆ ಜಾರುವಾಗ ತಳಕ್ಕೆ ಉಜ್ಜುತ್ತದೆ, ನೀರಿನ ರಭಸಕ್ಕೆ ನಡುಗಿ ಸವೆಸುತ್ತದೆ. ಕೇಳಬೇಕಾದ್ದು ಬೇರೆ ಇದೆ. ಎಷ್ಟು ಆಳ, ತುದಿ ಎಷ್ಟು ಚೂಪು, ಯಾವ ಜಾಗ, ಬೆಳೆಯುತ್ತಿದೆಯೇ, ಬೆಳೆದರೆ ಎಷ್ಟು ದಿನಕ್ಕೆ ಎಷ್ಟು.

ಜಿರ್ಕೋನಿಯಂನ ವೈರಿ ಹೈಡ್ರೋಜನ್. ಬಿಸಿ ಭಾರಜಲ ಲೋಹದ ಮೈಯನ್ನು ನಿಧಾನಕ್ಕೆ ತಿನ್ನುತ್ತದೆ. ಆಗ ಬಿಡುಗಡೆಯಾಗುವ ಡ್ಯೂಟೀರಿಯಂನಲ್ಲಿ, ಅಂದರೆ ಭಾರ ಹೈಡ್ರೋಜನ್‌ನಲ್ಲಿ, ಒಂದು ಪಾಲು ಲೋಹದೊಳಕ್ಕೇ ಇಂಗುತ್ತದೆ. ಕೊಳವೆ ಬಿಸಿಯಿರುವಷ್ಟು ಹೊತ್ತು ಅದು ಕರಗಿಕೊಂಡಿರುತ್ತದೆ. ಸಕ್ಕರೆ ಪಾಕ ಆರಿದಾಗ ಹರಳುಗಟ್ಟುವಂತೆ, ಕೊಳವೆ ತಣ್ಣಗಾದಾಗ ಇದು ಗಾಜಿನಂತೆ ಪೆಡಸಾದ ಹೈಡ್ರೈಡ್ ಆಗಿ ಹೊರಬೀಳುತ್ತದೆ, ಅದೂ ಎಳೆತ ಹೆಚ್ಚಿರುವ ಕಡೆ, ಗೀರಿನ ತುದಿಯಲ್ಲಿ. ಅಲ್ಲಿ ಒಂದಿಷ್ಟು ಸೇರುತ್ತದೆ, ಒಡೆಯುತ್ತದೆ. ಹೊಸ ತುದಿಗೆ ಮತ್ತೆ ಸೇರುತ್ತದೆ, ಮತ್ತೆ ಒಡೆಯುತ್ತದೆ. 1974ರಲ್ಲಿ ಕೆನಡಾದ ಪಿಕರಿಂಗ್ ಸ್ಥಾವರದ ಮೂರನೇ ಘಟಕದಲ್ಲಿ 17 ಕೊಳವೆ ಹೀಗೆ ಬಿರುಕು ಬಿಟ್ಟವು. ಕೊಳವೆಯ ತುದಿಯನ್ನು ಜೋಡಣೆಯಲ್ಲಿ ಬಿಗಿಯುವಾಗ ರೋಲರನ್ನು ಇರಬೇಕಾದ್ದಕ್ಕಿಂತ ಒಳಕ್ಕೆ ಒಯ್ದದ್ದರಿಂದ ಲೋಹದಲ್ಲಿ ಉಳಿದುಹೋದ ಸೆಳೆತವೇ ಅದಕ್ಕೆ ಕಾರಣ.

ಒಡೆಯುವ ಮುನ್ನ ಸೋರಿ ಎಚ್ಚರಿಸುತ್ತದೆ ಎಂಬ ನಂಬಿಕೆಯ ಮೇಲೆ ಈ ಕೊಳವೆಗಳ ಸುರಕ್ಷತೆಯ ವಾದ ನಿಂತಿದೆ. ಬಹುಪಾಲು ಅದು ನಿಜ. ಆದರೆ 1983ರ ಆಗಸ್ಟ್ 1ರಂದು ಅದೇ ಪಿಕರಿಂಗ್‌ನ ಎರಡನೇ ಘಟಕದಲ್ಲಿ ಒಂದು ಕೊಳವೆ ಮುನ್ಸೂಚನೆಯೇ ಇಲ್ಲದೆ ಸುಮಾರು ಎರಡು ಮೀಟರ್ ಉದ್ದಕ್ಕೆ ಸೀಳಿತು. ಸ್ಪ್ರಿಂಗ್ ಬಳೆಗಳು ಜಾಗ ಬಿಟ್ಟು ಸರಿದಿದ್ದವು, ಬಿಸಿ ಕೊಳವೆ ಜೋತುಬಿದ್ದು ಹೊರಗಿನ ತಣ್ಣನೆಯ ಕೊಳವೆಗೆ ತಾಗಿತ್ತು, ತಾಗಿದ ಜಾಗಕ್ಕೆ ಹೈಡ್ರೋಜನ್ ಓಡಿ ಬಂದು ಗುಳ್ಳೆ ಕಟ್ಟಿತ್ತು. ಆ ಕೊಳವೆ ಜಿರ್ಕಲಾಯ್-2 ಎಂಬ ಇನ್ನೊಂದು ಜಿರ್ಕೋನಿಯಂ ಮಿಶ್ರಲೋಹದ್ದು; ನಮ್ಮ ರಾಜಸ್ಥಾನ, ಮದ್ರಾಸ್, ನರೋರಾ ಸ್ಥಾವರಗಳ ಆಗಿನ ಘಟಕಗಳಲ್ಲೂ ಇದ್ದದ್ದು ಅದೇ ಲೋಹದ ಕೊಳವೆಗಳು. ಬಳೆಗಳು ಎಲ್ಲಿವೆ ಎಂದು ಹುಡುಕುವ, ಸರಿದವನ್ನು ಹಿಂದಕ್ಕೆ ತರುವ, ಕೊಳವೆಯ ಒಳಮೈಯಿಂದ ಮಿಲಿಗ್ರಾಂ ಲೆಕ್ಕದಲ್ಲಿ ಲೋಹ ಹೆರೆದು ಹೈಡ್ರೋಜನ್ ಅಳೆಯುವ ಸಲಕರಣೆಗಳನ್ನು ಭಾಭಾ ಅಣು ಸಂಶೋಧನಾ ಕೇಂದ್ರದವರು ಇಲ್ಲೇ ಮಾಡಿಕೊಂಡರು. ಮುಂದೆ ಒಂದೊಂದೇ ರಿಯಾಕ್ಟರಿನ ಅಷ್ಟೂ ಕೊಳವೆಗಳನ್ನು ಬದಲಿಸಲಾಯಿತು. ಕೈಗಾಕ್ಕೆ ಮೊದಲಿನಿಂದಲೂ ನಯೋಬಿಯಂ ಬೆರೆತ ಕೊಳವೆಯೇ ಬಂತು.

ಹಾಗಾಗಿ ‘ಸ್ವೀಕಾರಾರ್ಹ’ ಎಂಬ ಒಂದೇ ಪದ ಬರೆದ ವರದಿಗಳನ್ನು ನಾನು ವಾಪಸ್ ಕಳಿಸುತ್ತಿದ್ದೆ. ಎಲ್ಲಿಯವರೆಗೆ ಸ್ವೀಕಾರಾರ್ಹ? ಮುಂದಿನ ಶಟ್‌ಡೌನಿನವರೆಗೋ, ಎರಡು ವರ್ಷಕ್ಕೋ, ಇಷ್ಟು ತಾಸು ಓಡುವವರೆಗೋ? ಒಡಕಿನ ಮುಂದೆ ಒಂದು ತಾರೀಖು ಬೇಕು. ಆ ತಾರೀಖನ್ನೂ ಕೊಳವೆಯನ್ನೇ ಕೇಳಿ ಆಗಾಗ ತಿದ್ದಬೇಕು. 2021ರ ಜುಲೈಯಲ್ಲಿ ಕೆನಡಾದ ಬ್ರೂಸ್ ಸ್ಥಾವರದಲ್ಲಿ ಅಳೆದಾಗ ಕೆಲವು ಕೊಳವೆಗಳ ಹೈಡ್ರೋಜನ್ ಪ್ರಮಾಣ ಪರವಾನಗಿಯ ಮಿತಿಯಾದ 120 ಪಿಪಿಎಂ ದಾಟಿತ್ತು. ಅಷ್ಟು ಆಗುತ್ತದೆಂದು ಲೆಕ್ಕ ಹೇಳಿರಲಿಲ್ಲ. ಅಳೆದದ್ದರಿಂದ ಗೊತ್ತಾಯಿತು.

3. ನನ್ನ ಸಹಿ

ಇದನ್ನು ಬರೆಯುವುದು ಸುಲಭವಲ್ಲ. ವೃತ್ತಿಗೆ ಬಂದ ನಾಲ್ಕನೇ ವರ್ಷ, ಒಂದು ರಾಸಾಯನಿಕ ಕಾರ್ಖಾನೆಯ ಹೀಟ್ ಎಕ್ಸ್‌ಚೇಂಜರ್. ಕೊಳವೆಗಳನ್ನು ಹಿಡಿದು ನಿಲ್ಲಿಸುವ ತಗಡಿನ ಬಳಿ ಯಾವಾಗಲೂ ಒಂದು ದೊಡ್ಡ ಸಿಗ್ನಲ್ ಬರುತ್ತದೆ, ಅದು ದೋಷವಲ್ಲ. ಒಂದು ಕೊಳವೆಯಲ್ಲಿ ಆ ಸಿಗ್ನಲ್ಲಿನ ಬಾಲ ಸ್ವಲ್ಪ ವಾರೆಯಾಗಿತ್ತು. ನಾನು ನೋಡಿದೆ. ನೋಡಿಯೂ ‘ತಗಡಿನ ಸಿಗ್ನಲ್’ ಎಂದು ಬರೆದು ಸಹಿ ಹಾಕಿದೆ. ಹನ್ನೊಂದು ತಿಂಗಳಿಗೆ ಅದೇ ಕೊಳವೆ ಅದೇ ಜಾಗದಲ್ಲಿ ತೂತಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಯಾರೂ ನನ್ನನ್ನು ಬೈಯಲೂ ಇಲ್ಲ. ಹಳೆಯ ರೆಕಾರ್ಡಿಂಗ್ ತೆಗೆಸಿ ನಾನೇ ಒಬ್ಬನೇ ಕೂತು ನೋಡಿದೆ. ಆ ವಾರೆ ಬಾಲ ಅಲ್ಲಿಯೇ ಇತ್ತು.

ಅದಾದ ಮೇಲೆ ಒಂದು ನಿಯಮ ಮಾಡಿಕೊಂಡೆ. ಅನುಮಾನ ಬಂದದ್ದನ್ನು ಅನುಮಾನ ಎಂದೇ ಬರೆಯುವುದು. ಅದು ದೋಷವೇ, ಅಲ್ಲವೇ ಎಂಬುದನ್ನು ಇನ್ನೊಬ್ಬರು ಇನ್ನೊಂದು ವಿಧಾನದಿಂದ ತೀರ್ಮಾನಿಸಲಿ. ಅಣು ಸ್ಥಾವರಗಳ ಸ್ಟೀಮ್ ಜನರೇಟರಿನ ಒಂದೇ ರೆಕಾರ್ಡಿಂಗನ್ನು ಇಬ್ಬರು ಬೇರೆ ಬೇರೆಯಾಗಿ ಓದುವ ಪದ್ಧತಿ ಹಲವು ಕಡೆ ಇದೆ. ಒಬ್ಬರು ಏನು ಬರೆದರೆಂದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ನನ್ನಂಥ ಹುಡುಗನ ಸಹಿಯೊಂದರ ಮೇಲೆ ಎಲ್ಲವೂ ನಿಲ್ಲಬಾರದೆಂದೇ ಅದನ್ನು ತಂದದ್ದು.

4. ಹೊರಮೈ

ಬೀಜಾಡಿಯಲ್ಲಿ ಕಡಲ ಗಾಳಿಯ ಉಪ್ಪು ಕಬ್ಬಿಣವನ್ನು ಹೇಗೆ ತಿನ್ನುತ್ತದೆಂದು ಎಲ್ಲರಿಗೂ ಗೊತ್ತು. ನಮ್ಮ ಬಾವಿಯ ಪಂಪಿನ ಜಿ.ಐ. ಪೈಪ್ ಸೋರಿದಾಗ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿದೆವು. ಒಳಗೆಲ್ಲ ಚೊಕ್ಕ. ಗೋಡೆಗೆ ಬಿಗಿದ ಕ್ಲಾಂಪಿನ ಅಡಿಯಲ್ಲಿ, ಉಪ್ಪುನೀರು ಸೇರಿ ಒಣಗದೆ ನಿಲ್ಲುವ ಎರಡು ಬೆರಳಿನಷ್ಟು ಜಾಗದಲ್ಲಿ, ಪೈಪು ಹೊರಗಿನಿಂದ ಹಪ್ಪಳದಂತಾಗಿತ್ತು.

ಗುಜರಾತಿನ ಕಾಕ್ರಪಾರದಲ್ಲಿ ನಡೆದದ್ದನ್ನು ಓದುವಾಗಲೆಲ್ಲ ನನಗೆ ಆ ಕ್ಲಾಂಪು ನೆನಪಾಗುತ್ತದೆ. 2016ರ ಮಾರ್ಚ್ 11, ಬೆಳಿಗ್ಗೆ. ಮೊದಲ ಘಟಕದ ಒಂದು ಪ್ರೆಶರ್ ಟ್ಯೂಬಿನಿಂದ ಭಾರಜಲ ಸೋರಿತು, ರಿಯಾಕ್ಟರ್ ತಾನಾಗಿ ನಿಂತಿತು, ಸ್ಥಾವರದಲ್ಲಿ ತುರ್ತುಸ್ಥಿತಿ ಘೋಷಣೆಯಾಯಿತು. ಎರಡನೇ ಘಟಕದ ಒಂದು ಕೊಳವೆ ಅದಕ್ಕೆ ಮೊದಲೇ, 2015ರ ಜುಲೈಯಲ್ಲಿ, ಸೋರಿತ್ತು. ಮೊದಲ ಘಟಕದ ಕೊಳವೆಗಳು ಹಳೆಯವೂ ಆಗಿರಲಿಲ್ಲ. ಅಷ್ಟನ್ನೂ ಬದಲಿಸಿ 2011ರಲ್ಲಷ್ಟೇ ಮತ್ತೆ ಚಾಲೂ ಮಾಡಿದ್ದು, ಒಳ್ಳೆಯ ನಯೋಬಿಯಂ ಲೋಹದ್ದು. ಹೊರತೆಗೆದು ನೋಡಿದಾಗ ಕೊಳವೆಯ ಹೊರಮೈಯಲ್ಲಿ, ಅನಿಲವಿರುವ ಸಂದಿಯ ಕಡೆಗೆ, ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ತುಕ್ಕು ಕಂಡಿತು. ಸಂದಿಯ ಇಂಗಾಲದ ಡೈಆಕ್ಸೈಡಿನಲ್ಲಿ ಸೇರಿದ್ದ ಕಲ್ಮಶದ ಕಡೆಗೆ ತನಿಖೆ ತಿರುಗಿತು. ಎಲ್ಲರ ಚಿಂತೆ ಒಳಮೈಯ ಗೀರು, ಬಳೆಗಳ ಜಾಗ, ಹೈಡ್ರೋಜನ್ ಇವುಗಳ ಮೇಲಿತ್ತು. ದೋಷ ಬಂದದ್ದು ಯಾರೂ ಕಾಯದ ಬಾಗಿಲಿನಿಂದ.

ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಪರಿಶೀಲನೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದಿದೆ. ವಿಷಯ ಕಾಕ್ರಪಾರಕ್ಕೆ ಮುಗಿಯಲಿಲ್ಲ, ಇಂಥದೇ ಬೇರೆ ರಿಯಾಕ್ಟರುಗಳ ಕೊಳವೆಗಳ ಹೊರಮೈಯನ್ನೂ ಪರೀಕ್ಷಿಸಲಾಯಿತು. ಕಾಕ್ರಪಾರದ ಎರಡೂ ಘಟಕಗಳ ಕೊಳವೆಗಳನ್ನು ಪೂರ್ತಿ ಬದಲಿಸಿ 2018 ಮತ್ತು 2019ರಲ್ಲಿ ಮತ್ತೆ ನಡೆಸಿದರು. ಆ ಅನಿಲವನ್ನು ಕೊಂಡುಕೊಂಡ, ಪರೀಕ್ಷಿಸಿದ, ಸಂದಿಗೆ ತುಂಬಿದ ಕೈಗಳೆಲ್ಲ ಕೊಳವೆಯ ಸುರಕ್ಷತೆಯ ಪಾಲುದಾರರೇ. ಅವರಲ್ಲಿ ಎಷ್ಟು ಮಂದಿಗೆ ಅದು ಗೊತ್ತಿತ್ತು ಎಂಬ ಯೋಚನೆ ನನ್ನನ್ನು ಈಗಲೂ ಕಾಡುತ್ತದೆ.

5. ಪಟ್ಟಿಯಲ್ಲಿ ಇಲ್ಲದ ಜಾಗ

ಜಪಾನಿನ ಮಿಹಾಮಾ ಸ್ಥಾವರದ ಮೂರನೇ ಘಟಕದಲ್ಲಿ 2004ರ ಆಗಸ್ಟ್ 9ರಂದು ಒಂದು ಪೈಪು ಒಡೆದು ಬಿಸಿ ಹಬೆ ನುಗ್ಗಿತು, ಐವರು ಕಾರ್ಮಿಕರು ಸತ್ತರು. ವಿಕಿರಣದ ಪೈಪಲ್ಲ, ಟರ್ಬೈನ್ ಕಡೆಯ ಸಾದಾ ಉಕ್ಕಿನದು. ಹತ್ತು ಮಿಲಿಮೀಟರ್ ಇದ್ದ ಗೋಡೆ ನೀರಿನ ಹರಿವಿಗೆ ಸವೆದು ತೀರಾ ತೆಳುವಾಗಿತ್ತು. ಘಟಕ ಶುರುವಾದ 1976ರಿಂದ ಆ ಜಾಗವನ್ನು ಒಮ್ಮೆಯೂ ಅಳೆದಿರಲಿಲ್ಲ, ಏಕೆಂದರೆ ಅಳೆಯಬೇಕಾದ ಜಾಗಗಳ ಪಟ್ಟಿಯಲ್ಲಿ ಅದು ಬಿಟ್ಟುಹೋಗಿತ್ತು.

ಪಟ್ಟಿಯಲ್ಲಿರುವುದನ್ನೆಲ್ಲ ನೋಡಿದ್ದಾರೆಯೇ ಎಂದು ಪರಿಶೀಲಿಸುವುದು ಸುಲಭ. ನಕ್ಷೆ ಹಿಡಿದು ಪೈಪಿನ ಗುಂಟ ನಡೆದು ಪಟ್ಟಿಯಲ್ಲಿ ಯಾವುದು ಇಲ್ಲ ಎಂದು ಹುಡುಕುವುದು ಬೇಸರದ ಕೆಲಸ. ವರ್ಷಕ್ಕೊಮ್ಮೆಯಾದರೂ ಅದನ್ನು ಹೊರಗಿನವರೊಬ್ಬರಿಂದ ಮಾಡಿಸಬೇಕು.

6. ‘ಹಳೆಯದರಂಥದ್ದೇ’ ಎಂಬ ಮಾತು

ಅಮೆರಿಕದ ಸಾನ್ ಒನೊಫ್ರೆಯಲ್ಲಿ ಸ್ಟೀಮ್ ಜನರೇಟರುಗಳನ್ನು ಬದಲಿಸಿದರು. ಹಳೆಯದಕ್ಕೆ ಬದಲಿ ಎಂಬ ಲೆಕ್ಕದಲ್ಲಿ, ಪರವಾನಗಿಯ ತಿದ್ದುಪಡಿ ಕೋರದೆಯೇ ಕೆಲಸ ಮುಂದುವರಿಯಿತು. ಮೂರನೇ ಘಟಕದಲ್ಲಿ ಹೊಸ ಯಂತ್ರ ಒಂದು ವರ್ಷ ಓಡುವುದರೊಳಗೆ, 2012ರ ಜನವರಿ 31ರಂದು, ಒಂದು ಕೊಳವೆ ಸೋರಿತು. ಬಿಚ್ಚಿ ನೋಡಿದರೆ ಕೊಳವೆಗಳು ನಡುಗಿ ಒಂದಕ್ಕೊಂದು ಉಜ್ಜಿಕೊಂಡಿದ್ದವು. 2013ರ ಜೂನ್‌ನಲ್ಲಿ ಸ್ಥಾವರವನ್ನೇ ಶಾಶ್ವತವಾಗಿ ಮುಚ್ಚಿದರು. ಬದಲಾದದ್ದು ಚಿಕ್ಕದು ಎಂದವರನ್ನು ನಾನು ಕೇಳುವುದು ಎರಡೇ. ನೀರಿನ ಹರಿವು ಬದಲಾಗಿದೆಯೇ, ಕೊಳವೆಯನ್ನು ಹಿಡಿಯುವ ಆಧಾರ ಬದಲಾಗಿದೆಯೇ? ಎರಡರಲ್ಲಿ ಒಂದಕ್ಕೆ ಹೌದು ಎಂದರೂ ಅದು ಹೊಸ ಯಂತ್ರ, ಮೊದಲಿನಿಂದ ಪರಿಶೀಲಿಸಿ.

7. ಕಾಗದವೂ ಒಂದು ಭಾಗವೇ

2016ರಲ್ಲಿ ಫ್ರಾನ್ಸಿನ ಕ್ರೂಸೋ ಫೋರ್ಜ್ ಎಂಬ ಉಕ್ಕಿನ ಕಾರ್ಖಾನೆಯಲ್ಲಿ ದಶಕಗಳ ಹಿಂದಿನಿಂದ ರಿಯಾಕ್ಟರ್ ಭಾಗಗಳ ತಯಾರಿಕಾ ದಾಖಲೆಗಳು ತಿದ್ದಿದಂತಿವೆ ಎಂದು ಹೊರಬಿತ್ತು. ಒಂದು ತುಂಡಿಗೆ ಎರಡು ಕಡತ, ಗಿರಾಕಿಗೆ ತೋರಿಸಿದ ಅಂಕಿ ಒಂದು, ಒಳಗೆ ಬರೆದಿಟ್ಟದ್ದು ಇನ್ನೊಂದು. ಲೋಹ ಚೆನ್ನಾಗಿಯೇ ಇದ್ದಿರಬಹುದು. ಆದರೆ ಅದನ್ನು ನಂಬಲು ಮತ್ತೆ ಎಲ್ಲವನ್ನೂ ಪರೀಕ್ಷಿಸಬೇಕಾಯಿತು.

ನಾನು ಕೈಬರಹದ ಲಾಗ್ ಪುಸ್ತಕಗಳನ್ನು ಕೇಳಿ ತರಿಸುತ್ತಿದ್ದೆ. ಎಣ್ಣೆ ಕೈಯ ಗುರುತು, ಹೊಡೆದು ಹಾಕಿ ಪಕ್ಕದಲ್ಲಿ ಸಣ್ಣ ಸಹಿ ಮಾಡಿದ ಅಂಕಿ, ರಾತ್ರಿ ಎರಡಕ್ಕೆ ಪ್ರೋಬು ಬದಲಿಸಿದ ಟಿಪ್ಪಣಿ: ಅಂಥ ಪುಸ್ತಕ ಕಂಡರೆ ಸಮಾಧಾನ. ಮುನ್ನೂರು ರೀಡಿಂಗಿನಲ್ಲಿ ಒಂದೂ ಕಾಟು ಇಲ್ಲದೆ, ಒಂದೇ ಪೆನ್ನಿನಲ್ಲಿ, ಒಂದೇ ಕೂತಿನಲ್ಲಿ ಬರೆದಂತಿರುವ ಪುಟ ಕಂಡರೆ ಬರೆದವರನ್ನು ಕರೆಸಿ ಮಾತಾಡಿಸುತ್ತಿದ್ದೆ.

8. ನಿಲ್ಲಿಸು ಎನ್ನುವವರಿಗೆ ಬೆನ್ನೆಲುಬು ಬೇಕು

1994ರ ಮೇ 13ರಂದು ಕೈಗಾದ ಮೊದಲ ಘಟಕದ ಒಳಗುಮ್ಮಟದ ಒಳಪದರ, ಇನ್ನೂ ಕಟ್ಟುತ್ತಿದ್ದಾಗಲೇ, ಕಳಚಿ ಬಿತ್ತು. ಇಂಧನ ಇನ್ನೂ ಬಂದಿರಲಿಲ್ಲ. ಕೆಲಸ ನಿಂತು, ವಿನ್ಯಾಸ ಮರುಪರಿಶೀಲನೆಯಾಗಿ, ಗುಮ್ಮಟ ಹೊಸದಾಗಿ ಎದ್ದಿತು. ವಿದ್ಯುತ್ ಉತ್ಪಾದನೆ ವಾಣಿಜ್ಯವಾಗಿ ಶುರುವಾಗಲು 2000ನೇ ಇಸವಿ ಬಂತು. ಆ ತಡವನ್ನು ಹಲವರು ನಷ್ಟದ ಲೆಕ್ಕಕ್ಕೆ ಬರೆದರು. ನಾನು ಬರೆಯುವುದಿಲ್ಲ.

ಅದೇ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಬಿಡದೆ ಓಡಿ ಆಗ ವಿಶ್ವದಾಖಲೆ ಮಾಡಿತು. ಅಲ್ಲಿ ದುಡಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಪರೀಕ್ಷಕನಿಗೆ ಮುಖ್ಯವಾದದ್ದು 963ನೇ ದಿನ: ನಿಲ್ಲಿಸಿದಾಗ ಯಾವ ಕೊಳವೆಗಳನ್ನು ನೋಡಿದರು, ಏನು ಕಂಡಿತು. ಓಡಿದ ದಿನಗಳ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂತು. ನಿಲ್ಲಿಸಿ ನೋಡಿದ್ದರ ಸುದ್ದಿಗೂ ಅಷ್ಟೇ ಜಾಗ ಸಿಗಬೇಕಿತ್ತು.

ಎಇಆರ್‌ಬಿ ಹುಟ್ಟಿದ್ದು 1983ರ ನವೆಂಬರ್ 15ರಂದು, ಸರಕಾರದ ಆದೇಶದಿಂದ. ಸ್ಥಾವರ ನಡೆಸುವವರೂ ಅದನ್ನು ಪರಿಶೀಲಿಸುವವರೂ ಮೇಲೆ ಒಂದೇ ಛಾವಣಿಗೆ ಸೇರುತ್ತಾರೆಂಬ ಆಕ್ಷೇಪ ಹಳೆಯದು. 2012ರಲ್ಲಿ ಮಹಾಲೇಖಪಾಲರ ವರದಿಯೂ ಮಂಡಳಿಯ ಕಾನೂನುಬದ್ಧ ಸ್ಥಾನ ದುರ್ಬಲವೆಂದು ಹೇಳಿತು. ಸ್ವತಂತ್ರ ಪ್ರಾಧಿಕಾರಕ್ಕಾಗಿ 2011ರಲ್ಲಿ ತಂದ ಮಸೂದೆ ಕಾಯ್ದೆಯಾಗದೆ ಬಿದ್ದುಹೋಯಿತು. ಒಳ್ಳೆಯ ಪರೀಕ್ಷಕರು ಎಷ್ಟೇ ಇರಲಿ, ಅವರ ‘ಬೇಡ’ ಎಂಬ ಮಾತನ್ನು ಬದಿಗಿಡಲು ಯಾರಿಗೂ ಆಗಬಾರದು.

ನಮ್ಮೂರಿನಿಂದ ತೆಂಕಕ್ಕೆ ಕೆಲವೇ ಮೈಲಿ ದೂರದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕೈಗಾವನ್ನು ವಿರೋಧಿಸಿ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಆಗ ಎಂಬತ್ತೇಳರ ವಯಸ್ಸು. ಕಾಲೇಜು ಹುಡುಗನಾಗಿದ್ದ ನನಗೆ ಅಜ್ಜ ವಿಜ್ಞಾನಕ್ಕೆ ಅಡ್ಡ ನಿಂತಿದ್ದಾರೆ ಅನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ. ಸ್ಥಾವರ ಬೇಡವೆಂಬ ಅವರ ನಿಲುವನ್ನು ನಾನು ಪೂರ್ತಿ ಒಪ್ಪಲಾರೆ. ಆದರೆ ಕೇಳುವ ಹಕ್ಕು ಹಳ್ಳಿಯವರಿಗಿದೆ ಎಂಬ ಅವರ ಹಟ ಇಲ್ಲದಿದ್ದರೆ ನಮ್ಮಂಥವರ ವರದಿಗಳನ್ನು ಕೇಳುವವರೇ ಇರುತ್ತಿರಲಿಲ್ಲ.

9. ಅಕ್ಕಯ್ಯನಿಗೆ ಉತ್ತರ

ಒಂದು ಕೊಳವೆ ಒಡೆದರೆ ಬೀಜಾಡಿಗೆ ಏನೂ ಆಗುವುದಿಲ್ಲ ಅಕ್ಕಯ್ಯ. ರಿಯಾಕ್ಟರ್ ತಾನಾಗಿ ನಿಲ್ಲುತ್ತದೆ, ತುರ್ತು ನೀರು ಹರಿಯುತ್ತದೆ, ಸುತ್ತ ಎರಡು ಕಾಂಕ್ರೀಟ್ ಗೋಡೆಗಳಿವೆ. ಪಿಕರಿಂಗ್‌ನಲ್ಲಿ ಎರಡು ಮೀಟರ್ ಸೀಳಿದಾಗಲೂ ಯಾರಿಗೂ ಅಪಾಯವಾಗಲಿಲ್ಲ, ಕಾಕ್ರಪಾರದಲ್ಲೂ ವಿಕಿರಣ ಮಿತಿಯೊಳಗೇ ಇತ್ತೆಂದು ಮಂಡಳಿ ತಿಳಿಸಿತು. ನಾನು ಹೆದರುವುದು ಒಡೆದ ಒಂದು ಕೊಳವೆಗಲ್ಲ. ಮಾದರಿ ಕೊಳವೆಯನ್ನು ಓದಿಸದೆ ಬಿಟ್ಟ ಒಂದು ಪಾಳಿ, ವಾರೆ ಬಾಲ ಕಂಡರೂ ಹಾಕಿದ ಒಂದು ಸಹಿ, ಪಟ್ಟಿಯಿಂದ ಬಿಟ್ಟುಹೋದ ಒಂದು ಜಾಗ, ಮುಂದಕ್ಕೆ ತಳ್ಳಿದ ಒಂದು ತಾರೀಖು: ಇವೆಲ್ಲ ಒಂದೇ ದಿನ ಕೂಡಿಬಂದರೆ ಎಂಬುದಕ್ಕೆ ಹೆದರುತ್ತೇನೆ.

ಕೈಗಾದಲ್ಲಿ ಈಗ 5 ಮತ್ತು 6ನೇ ಘಟಕಗಳು ಬರಲಿವೆ, ತಲಾ 700 ಮೆಗಾವಾಟ್. ಒಂದೊಂದರಲ್ಲೂ 392 ಕೊಳವೆಗಳು. ಎಇಆರ್‌ಬಿ ಪ್ರತಿ ವರ್ಷ ವರದಿ ಪ್ರಕಟಿಸುತ್ತದೆ, ಯಾರು ಬೇಕಾದರೂ ಓದಬಹುದು. ಆದರೆ ಅಕ್ಕಯ್ಯ ಓದುವುದು ಕನ್ನಡ. ಕೈಗಾದ ಪ್ರತಿ ಶಟ್‌ಡೌನಿನಲ್ಲಿ ಎಷ್ಟು ಕೊಳವೆ ಪರೀಕ್ಷಿಸಿದರು, ಎಷ್ಟರಲ್ಲಿ ದೋಷ ಕಂಡಿತು, ಅವುಗಳನ್ನು ಯಾವ ತಾರೀಖಿನವರೆಗೆ ಒಪ್ಪಿದರು ಎಂಬ ಮೂರು ಸಂಗತಿಗಳನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಪ್ರಕಟಿಸಿ ಕಾರವಾರದಿಂದ ಕುಂದಾಪುರದವರೆಗಿನ ಪಂಚಾಯಿತಿಗಳ ಫಲಕಕ್ಕೆ ಅಂಟಿಸಬೇಕೆಂದು ಮಂಡಳಿಯನ್ನೂ ಸ್ಥಾವರ ನಡೆಸುವವರನ್ನೂ ಕೇಳಿಕೊಳ್ಳುತ್ತೇನೆ. ಓದುಗರೂ ಇದನ್ನು ಕೇಳಿ ಒಂದೊಂದು ಪತ್ರ ಬರೆಯಿರಿ.